ಸ್ವಂತ ವಾಕ್ಯ

ಬೇಲೂರು
೧೦ ಮಾರ್ಚ್ ೨೦೨೫

ಪ್ರೀತಿಯ ಮೊಮ್ಮಗಳು ಮೇಧಿನಿಗೆ ತಾತನ ಆಶೀರ್ವಾದಗಳು.

ಮೈಸೂರಿನ ಹಾಸ್ಟೆಲಿನ ಊಟ ಈಗಲಾದರೂ ಒಗ್ಗಿತೇ? ನರ್ಸಿಂಗ್ ಓದುವವರು ಮೊದಲು ತಮ್ಮ ದೇಹವನ್ನು ನೋಡಿಕೊಳ್ಳಬೇಕು. ಇಲ್ಲಿ ನಿನ್ನ ಅಜ್ಜಿ ಶ್ರೀರಂಗಮ್ಮ ಆರೋಗ್ಯವಾಗಿದ್ದಾಳೆ. ನಾನೂ ಓಡಾಡಿಕೊಂಡಿದ್ದೇನೆ.

'ಬೈಟ್ ದ ಬುಲೆಟ್' ಎಂಬ ಇಂಗ್ಲಿಷ್ ನುಡಿಗಟ್ಟಿನ ಅರ್ಥವನ್ನು ನೀನು ಕೇಳಿದ್ದೆ, ನಾನು ಬರೆದು ಕಳಿಸಿದೆ. ನೀನು ಆ ಕಾಗದವನ್ನೇ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದೀಯೆ: "ಸ್ವಂತ ವಾಕ್ಯ ಎಲ್ಲಿ ಮೇಷ್ಟ್ರೇ? ಅರ್ಧ ಅಂಕ ಅಷ್ಟೇ." ಅರಸೀಕೆರೆಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಹೇಳುತ್ತ ನಾನೇ ನಡೆಸಿದ ಕಟ್ಟಳೆ ಅದು. ತನ್ನ ಬಾಳಿನಿಂದ ಒಂದು ವಾಕ್ಯ ಬರೆಯಲಾಗದವನಿಗೆ ಅರ್ಥವೂ ತಿಳಿದಿಲ್ಲ ಎನ್ನುತ್ತಿದ್ದೆ. ಆದ್ದರಿಂದ ವಾದಿಸುವುದಿಲ್ಲ.

ಇನ್ನೊಮ್ಮೆ ಹೇಳುತ್ತೇನೆ. ಅರಿವಳಿಕೆ ಇಲ್ಲದ ಕಾಲದಲ್ಲಿ ಗಾಯಗೊಂಡ ಸೈನಿಕರು ಶಸ್ತ್ರಚಿಕಿತ್ಸೆಯ ನೋವು ತಾಳಲು ಬಂದೂಕಿನ ಗುಂಡನ್ನು ಕಚ್ಚಿ ಹಿಡಿಯುತ್ತಿದ್ದರಂತೆ. ಪುರಾವೆ ಗಟ್ಟಿಯಿಲ್ಲ, ಉತ್ತರಪತ್ರಿಕೆಯಲ್ಲಿ ಖಚಿತವೆಂದು ಬರೆಯಬೇಡ. ನಮ್ಮ 'ಹಲ್ಲು ಕಚ್ಚಿ ಸಹಿಸು' ಇದಕ್ಕೆ ಹತ್ತಿರ, ಸಮವಲ್ಲ. ಹಲ್ಲು ಕಚ್ಚುವುದು ಬಂದ ನೋವಿಗೆ. ಇದಾದರೋ, ಮುಂದೂಡುತ್ತ ಬಂದ ನೋವಿನ ಕಡೆಗೆ ತಾನೇ ಎದ್ದು ನಡೆಯುವುದು. ಮಳೆಯಲ್ಲಿ ನೆನೆದವನ ವಿಷಯದಲ್ಲಿ ಬಳಸಿದರೆ ತಪ್ಪು. ಕೀಳಿಸಬೇಕಾದ ಹಲ್ಲಿಗಾಗಿ ಕೊನೆಗೂ ವೈದ್ಯರ ಬಳಿ ಹೋದವನಿಗೆ ಸರಿ.

ಸ್ವಂತ ವಾಕ್ಯಕ್ಕಾಗಿ ಮೂರು ದಿನ ಕುಳಿತೆ. ಬರೆದದ್ದನ್ನೆಲ್ಲ ಹೊಡೆದುಹಾಕಿದೆ. ಈ ನಡುವೆ ಎಲ್ಲರ ಕಣ್ಣೂ ನನ್ನ ಮಫ್ಲರಿನ ಮೇಲೆ. "ಯುಗಾದಿ ಹತ್ರ ಬಂತು, ಈ ಸೆಕೇಲಿ ಇನ್ನೂ ಅದ್ಯಾಕ್ರೀ ಕತ್ತಿಗೆ?" ಎಂದು ನಿನ್ನ ಅಜ್ಜಿ. ಕೊಬ್ಬರಿ ವ್ಯಾಪಾರದ ಇಂದುಧರನಂತೂ ಬೀದಿಯಲ್ಲೇ, "ಏನ್ ಮೇಷ್ಟ್ರೇ, ಬೇಲೂರಲ್ಲಿ ಹಿಮ ಬೀಳ್ತೈತಾ?" ಎಂದ. ನಕ್ಕೆ, ಮನೆಗೆ ಬಂದು ಇನ್ನೊಂದು ಸುತ್ತು ಸುತ್ತಿಕೊಂಡೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಕ್ಷರ ದುಂಡಗಿರಲಿ.

ನಿನ್ನ ಹಿತವನ್ನೇ ಬಯಸುವ ತಾತ,
ಯೋಗನರಸಿಂಹ

ಮರೆತ ಮಾತು: ಟಪಾಲು ಹೊರಡುವ ಹೊತ್ತಾಯಿತು. ಸ್ವಂತ ವಾಕ್ಯ ಬರೆದುಕೊ. ಕಾರ್ತಿಕದಿಂದ ನನ್ನ ಕತ್ತಿನ ಎಡಗಡೆ ಅಡಿಕೆ ಗಾತ್ರದ ಗಂಟೊಂದಿದೆ. ಚೂರು ತೆಗೆದು ಪರೀಕ್ಷಿಸಬೇಕೆಂದು ಹಾಸನದ ವೈದ್ಯರು ಕೊಟ್ಟ ಚೀಟಿ ಒಂದು ತಿಂಗಳಿಂದ ನಿಘಂಟಿನೊಳಗಿದೆ. ಬರುವ ಸೋಮವಾರ ಹೋಗುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಹಾಸನದ ಬಸ್ ನಿಲ್ದಾಣಕ್ಕೆ ಬಾ. ಒಬ್ಬನೇ ಹೋದರೆ ಬಾಗಿಲಿನಿಂದಲೇ ಹಿಂದಿರುಗಿಬಿಟ್ಟೇನು. ಮಫ್ಲರ್ ಬಿಚ್ಚಿ ಗೂಟಕ್ಕೆ ಹಾಕಿದ್ದೇನೆ. ಅಜ್ಜಿ ಅಡುಗೆಮನೆಯಿಂದ ಬರುತ್ತಿದ್ದಾಳೆ. ಉಳಿದ ಅರ್ಧ ಅಂಕ ಸೋಮವಾರ ಕೊಡು.