ಐದು ತೂತುಗಳಿಗೆ ಹತ್ತು ವರ್ಷ

ಗಾಜಿನಾಚೆಯ ಮಾನ್ಯರೇ,

ನನ್ನ ಮಗಳು ಮೋಸಗಾತಿ ಎಂದು ನೀವು ಬರೆದಿದ್ದೀರಿ. ಮೂರೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. "ಸಲ್ಲಿಸಲಾದ ದಾಖಲೆಗಳಲ್ಲಿ ಅಸಹಜ ರಂಧ್ರಗಳು ಕಂಡುಬಂದಿದ್ದು, ಬೇರೆ ಕಡತಗಳಿಂದ ಕಿತ್ತು ಸೇರಿಸಿರುವ ಶಂಕೆಯ ಮೇರೆಗೆ ವಿದ್ಯಾರ್ಥಿ ವೀಸಾ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅರ್ಜಿದಾರರು ಮುಂದಿನ ಹತ್ತು ವರ್ಷ ನಮ್ಮ ದೇಶದ ಯಾವುದೇ ವೀಸಾಕ್ಕೆ ಅರ್ಹರಲ್ಲ." ಕೆಳಗೆ ಸಹಿಯಿಲ್ಲ, ಹೆಸರಿಲ್ಲ. 'ವೀಸಾ ಅಧಿಕಾರಿ' ಎಂಬ ಮೊಹರು ಮಾತ್ರ ಇದೆ, ಅದೂ ಓರೆಯಾಗಿ ಬಿದ್ದಿದೆ. ಆ ರಂಧ್ರಗಳನ್ನು ಕೊರೆದವನು ನಾನು. ಹಾಡುಹಗಲಲ್ಲಿ, ಅಂಗಡಿಯ ಬಾಗಿಲು ತೆರೆದಿಟ್ಟುಕೊಂಡು, ದಬ್ಬಣ ಹಿಡಿದು ಕೊರೆದೆ. ಇದನ್ನು ನಿಮಗೆ ಖಾಸಗಿಯಾಗಿಯೇ ತಿಳಿಸಬೇಕೆಂದಿದ್ದೆ. ಆದರೆ ನಿಮ್ಮ ಕಚೇರಿಗೆ ಬರೆದ ನಾಲ್ಕು ಇಮೇಲ್‌ಗಳಿಗೂ 'ಈ ವಿಳಾಸಕ್ಕೆ ಉತ್ತರಿಸಬೇಡಿ' ಎಂಬ ಒಂದೇ ಉತ್ತರ ಬಂತು. ಹಾಗಾಗಿ ಪತ್ರಿಕೆಯಲ್ಲಿ, ಊರೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನಾನು ಬುಕ್ ಬೈಂಡರ್. ಮೂವತ್ತೆಂಟು ವರ್ಷದಿಂದ ಇದೇ ಕೆಲಸ. ವಕೀಲರ ಕಡತ, ಕಾಲೇಜಿನವರ ಪ್ರಬಂಧ, ಆಸ್ಪತ್ರೆಯ ದಾಖಲೆ, ಏನು ತಂದುಕೊಟ್ಟರೂ ಹೊಲಿದು, ಗೋಂದು ಹಚ್ಚಿ, ರಟ್ಟು ಕಟ್ಟಿಕೊಡುತ್ತೇನೆ. ಬೀದಿಯವರು ನನ್ನನ್ನು ರಟ್ಟು ಮೇಷ್ಟ್ರು ಅನ್ನುತ್ತಾರೆ. ಮಗಳಿಗೆ ಇಪ್ಪತ್ಮೂರು ವರ್ಷ. ಅವಳದು ನನ್ನದಕ್ಕಿಂತ ಸೂಕ್ಷ್ಮವಾದ ಕೈ. ಹುಳು ತಿಂದು ಜರಡಿಯಾಗಿದ್ದ ಒಂದು ಹಳೆಯ ಜನನ ನೋಂದಣಿ ಪುಸ್ತಕವನ್ನು ಏಳು ತಿಂಗಳು ಕೂತು, ತೆಳು ಕಾಗದ ಅಂಟಿಸಿ, ಒಂದು ಹೆಸರೂ ಅಳಿಯದಂತೆ ಉಳಿಸಿದಳು. ಅದರ ಚಿತ್ರಗಳನ್ನು ನೋಡಿಯೇ ನಿಮ್ಮ ದೇಶದ ಕಾಲೇಜೊಂದು ಹಳೆಯ ಪುಸ್ತಕಗಳ ದುರಸ್ತಿ ಕಲಿಯಲು ಅವಳಿಗೆ ಎರಡು ವರ್ಷದ ಸೀಟು ಕೊಟ್ಟಿತು, ಶುಲ್ಕವನ್ನೂ ಮಾಫಿ ಮಾಡಿತು. ಅಲ್ಲಿನ ಪ್ರಾಧ್ಯಾಪಕಿ ಬರೆದ ಪತ್ರದಲ್ಲಿ, 'ಈ ಕೈಗೆ ನಾವು ಕಲಿಸುವಷ್ಟೇ ಈ ಕೈಯಿಂದ ಕಲಿಯುವುದೂ ಇದೆ' ಎಂಬ ಸಾಲಿದೆ. ನಿಮ್ಮ ದೇಶದವರೇ ಬರೆದದ್ದು ಸ್ವಾಮಿ. ಆ ಪತ್ರಕ್ಕೂ ಐದು ತೂತು ಬಿದ್ದಿವೆ ನೋಡಿ, ಹಾಗಾಗಿ ಅದನ್ನು ಓದುವ ತೊಂದರೆ ನಿಮಗೆ ತಪ್ಪಿತು. ಸೀಟನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ಕಾದಿರಿಸಿದ್ದಾರೆ.

ಈಗ ನನ್ನ ಅಪರಾಧದ ವಿವರ. ನಿಮ್ಮ ಸೂಚನಾ ಪತ್ರದ ಹದಿನಾಲ್ಕನೇ ಕಲಮು, 'ದಾಖಲೆಗಳನ್ನು ಕ್ರಮವಾಗಿ ಜೋಡಿಸಿ, ಭದ್ರಪಡಿಸಿ ಸಲ್ಲಿಸತಕ್ಕದ್ದು' ಎನ್ನುತ್ತದೆ. ಭದ್ರಪಡಿಸಿ! ಬೈಂಡರನ ಮುಂದೆ ಆಡುವ ಮಾತೇ ಅದು? ಮಗಳು ಹೇಳಿದ್ದಳು, "ಅಪ್ಪ, ಒಂದು ಕ್ಲಿಪ್ ಹಾಕಿದ್ರೆ ಸಾಕಂತೆ." ನನಗೆ ರೇಗಿಹೋಯಿತು. "ಕ್ಲಿಪ್ಪಾ? ನಮ್ಮ ಅಂಗಡಿಯಿಂದ ಕ್ಲಿಪ್ ಹಾಕಿದ ಕಾಗದ ಹೋದ್ರೆ ನೋಡಿದವರು ಏನಂದಾರು? ಪುಸ್ತಕದ ಕೆಲಸ ಕಲಿಯೋಕೆ ಹೋಗೋಳು, ನಿನ್ನ ಅರ್ಜಿನೇ ಸಡಿಲ ಇದ್ರೆ ಹೆಂಗೆ?" ಎಂದೆ. ನೂರ ನಲವತ್ತಮೂರು ಹಾಳೆಗಳನ್ನು ತಟ್ಟಿ ಸಮ ಮಾಡಿ, ಅಂಚಿನಲ್ಲಿ ಐದು ತೂತು ಕೊರೆದು, ಮೇಣ ಸವರಿದ ನೂಲಿನಲ್ಲಿ ಹೊಲಿದೆ. ಕೆಂಪು ಬಟ್ಟೆಯ ರಟ್ಟು, ಒಳಗೆ ಗೆರೆಗೆರೆಯ ಕಾಗದ, ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಅವಳ ಹೆಸರು. ಮಾನ್ಯರೇ, ನನ್ನ ಮದುವೆಗೂ ನಾನು ಅಷ್ಟು ಅಂದವಾಗಿ ಸಿಂಗಾರಗೊಂಡಿರಲಿಲ್ಲ.

ಅರ್ಜಿ ಸ್ವೀಕರಿಸುವ ಕೇಂದ್ರದಲ್ಲಿ ಮೂರೂವರೆ ಗಂಟೆ ಕೂರಿಸಿದಿರಿ. ನೆಲಕ್ಕೆ ಬೋಲ್ಟು ಹಾಕಿದ ಉಕ್ಕಿನ ಕುರ್ಚಿಗಳವು. ಅವನ್ನು ಯಾರು ಕದ್ದು ನಿಮ್ಮ ದೇಶಕ್ಕೆ ವಲಸೆ ಹೋಗುತ್ತಾರೋ ಎಂಬ ಭಯ ಇರಬೇಕು. ನಮ್ಮ ಸರದಿ ಬಂದಾಗ ಕೌಂಟರಿನ ಹುಡುಗಿ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಬೆನ್ನು ಸವರಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆ ಸರ್! ಆದ್ರೆ ಸ್ಕ್ಯಾನ್ ಮಾಡ್ಬೇಕು, ಬಿಡಿ ಹಾಳೆನೇ ಬೇಕು. ಬಿಚ್ಚಿ ಕೊಡ್ತೀರಾ?" ಎಂದಳು. ಅವಳಿಗೆ ನಿಜವಾಗಿ ಬೇಸರವಾಗಿತ್ತು. ಚಾಕು, ಕತ್ತರಿ ಒಳಗೆ ಬಿಡುವುದಿಲ್ಲವಲ್ಲ, ಸ್ಟೇಪ್ಲರ್ ಪಿನ್ ಕೀಳುವ ಪುಟ್ಟ ಇಕ್ಕಳ ಕೊಟ್ಟಳು. ಅದೇ ಕುರ್ಚಿಯಲ್ಲಿ ಕೂತು, ನಾನೇ ಹೊಲಿದದ್ದನ್ನು ನಾನೇ ಕಿತ್ತೆ. ಮಗಳು ಹಾಳೆಗಳನ್ನು ಒಂದೊಂದಾಗಿ ಇಸಿದುಕೊಂಡು ಗೋಂದಿನ ಚೂರು ಉಜ್ಜಿದಳು. ನಿಮ್ಮ ಕೇಂದ್ರದ ಎರಡು ಕ್ಯಾಮೆರಾಗಳು ಇದನ್ನೆಲ್ಲ ನೋಡುತ್ತಿದ್ದವು. ಅವನ್ನು ತೂಗುಹಾಕಿರುವುದು ಅಲಂಕಾರಕ್ಕೇ?

ಹೀಗೆ ಬಂದ ಹಾಳೆಗಳನ್ನು ತಾವು ಕಂಡಿರಿ. ಸಾಕ್ಷಾತ್ ಪತ್ತೇದಾರರಲ್ಲವೇ, ತೂತು ಕಂಡವು! ಕೌಂಟರಿನ ಹುಡುಗಿಗೆ ಒಂದು ಫೋನು ಮಾಡಿದ್ದರೆ ಅರ್ಧ ನಿಮಿಷದಲ್ಲಿ ವಿಷಯ ತಿಳಿಯುತ್ತಿತ್ತು. ಅರ್ಜಿದಾರಳನ್ನು ಕರೆದು 'ಇದೇನಮ್ಮ?' ಎಂದು ಕೇಳಬಹುದಿತ್ತು. ಅಷ್ಟಕ್ಕೆಲ್ಲ ಬಾಯಿ ತೆರೆಯಬೇಕಾಗುತ್ತದೆ, ಮೊಹರು ಒತ್ತುವುದಕ್ಕೆ ಬರೀ ಕೈ ಸಾಕು. ಒಂದು ಮಾತು ಕೇಳುತ್ತೇನೆ. ಸುಳ್ಳು ಕಾಗದ ಸೇರಿಸುವ ಖದೀಮ ನೂರ ನಲವತ್ತಮೂರು ಹಾಳೆಗೂ ಒಂದೇ ಜಾಗದಲ್ಲಿ ಐದೈದು ತೂತು ಹೊಡೆದು, 'ಇಲ್ಲಿ ನೋಡಿ ಸ್ವಾಮಿ' ಎಂದು ನಿಮ್ಮ ಮೂಗಿನ ಕೆಳಗೆ ತಂದಿಡುತ್ತಾನೆಯೇ? ಅಂಥ ಕಳ್ಳರು ನಿಮ್ಮ ದೇಶದಲ್ಲಿದ್ದರೆ ನಿಮ್ಮ ಪೊಲೀಸರ ಭಾಗ್ಯವೇ ಭಾಗ್ಯ. ಇನ್ನು ನೀವು ಕಳಿಸಿದ ತಿರಸ್ಕಾರ ಪತ್ರ ನನ್ನ ಮುಂದಿದೆ. ಮೂರು ಸಾಲಿಗೆ ಎರಡು ಹಾಳೆ, ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನು. ಒಂದು ಸಲ ಸೊಟ್ಟಗೆ ಹೊಡೆದು, ಕಿತ್ತು, ಮತ್ತೆ ಹೊಡೆದಿದ್ದೀರಿ. ಲೆಕ್ಕಕ್ಕೆ ನಾಲ್ಕು ತೂತು. ಅಸಹಜ ರಂಧ್ರಗಳು ಮಾನ್ಯರೇ! ಇದನ್ನು ಯಾವ ಕಡತದಿಂದ ಕಿತ್ತು ತಂದಿರಿ?

ನಗೆಯಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಪತ್ರ ಬಂದ ದಿನ ನನ್ನ ಹೆಂಡತಿ, "ನಿಮ್ಮ ಕೈಕೆಲಸದ ಜಂಬ ಮಗಳ ತಲೆ ಮೇಲೆ ಬಂತಲ್ರೀ!" ಎಂದು ಅತ್ತಳು. ನಿಜವೇ. ನಾನು ಮಗಳ ಮುಖ ನೋಡಲಾರದೆ ಅಂಗಡಿಯಲ್ಲಿ ಸುಮ್ಮನೆ ರಟ್ಟು ಕತ್ತರಿಸುತ್ತಾ ಕೂತೆ. ಅವಳೇ ಬಂದು ಪಕ್ಕದಲ್ಲಿ ಕೂತಳು. "ನೀನ್ಯಾಕೆ ತಡೀಲಿಲ್ಲ? ನಿಂಗೆ ಗೊತ್ತಿತ್ತಲ್ಲ, ಕ್ಲಿಪ್ ಸಾಕು ಅಂತ" ಎಂದು ಕೇಳಿದೆ. "ನೀವು ಹೊಲೀತಾ ಇದ್ರಿ ಅಪ್ಪ. ನೋಡೋಕೆ ಚೆನ್ನಾಗಿತ್ತು. ಅದಕ್ಕೇ ಸುಮ್ಮನಿದ್ದೆ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹತ್ತು ವರ್ಷ ಕಳೆದರೆ ಅವಳಿಗೆ ಮೂವತ್ತಮೂರು, ಆಗ ಆ ಸೀಟೂ ಇರುವುದಿಲ್ಲ, ಕರೆದ ಪ್ರಾಧ್ಯಾಪಕಿಯೂ ಇರುವುದಿಲ್ಲ. ಸೀಟು ಹೋದರೂ ಹೋಗಲಿ ಅನ್ನೋಣ, ಮೋಸಗಾತಿ ಎಂಬ ಕಲೆ ಅವಳು ಯಾವ ದೇಶದ ಬಾಗಿಲಿಗೆ ಹೋದರೂ ಹಿಂದೆಯೇ ಬರುತ್ತದೆ. ಅದನ್ನು ಹೊರುವಂಥದ್ದು ಅವಳೇನು ಮಾಡಿದ್ದಾಳೆ?

ಕಳೆದ ವಾರ ನಿಮ್ಮನ್ನೇ ಕಾಣೋಣವೆಂದು ಕಚೇರಿಯ ಗೇಟಿಗೆ ಬಂದಿದ್ದೆ. ಕಾವಲುಗಾರ, "ಹತ್ತು ವರ್ಷದಿಂದ ಇಲ್ಲೇ ನಿಂತಿದೀನಿ ಯಜಮಾನ್ರೇ, ಸಾಹೇಬ್ರನ್ನ ನಾನೇ ಇನ್ನೂ ಸರಿಯಾಗಿ ನೋಡಿಲ್ಲ. ಇಲ್ಲಿ ಹೆಸರು ಬರೆದು ಹೋಗಿ" ಎಂದು ರಿಜಿಸ್ಟರ್ ಮುಂದೆ ತಳ್ಳಿದ. ತೆರೆದು ನೋಡುತ್ತೇನೆ, ನಾನೇ ಹೊಲಿದ ಪುಸ್ತಕ! ನಿಮಗೆ ಸಾಮಾನು ಪೂರೈಸುವ ಕಾಗದದ ಅಂಗಡಿಯವನು ವರ್ಷಕ್ಕೆ ಹನ್ನೆರಡು ರಿಜಿಸ್ಟರನ್ನು ನನ್ನಲ್ಲೇ ಕಟ್ಟಿಸುತ್ತಾನೆ, ಎಲ್ಲಿಗೆ ಹೋಗುತ್ತವೆಂದು ನಾನು ಕೇಳಿದವನಲ್ಲ. "ಗಟ್ಟಿ ಪುಸ್ತಕ ಕಣ್ರೀ, ಮೂರು ಸಲ ಟೀ ಚೆಲ್ಲಿದೆ, ಒಂದು ಹಾಳೆ ಬಿಟ್ಟಿಲ್ಲ" ಎಂದು ಕಾವಲುಗಾರ ನನಗೇ ಹೊಗಳಿದ. ನಮ್ಮ ಅಂಗಡಿಯ ಹೊಲಿಗೆಯನ್ನು ಗುರುತಿಸುವುದು ಸುಲಭ. ನನ್ನ ಅಪ್ಪ ಮಾಡಿಟ್ಟ ಒಂದು ತಗಡಿನ ಪಟ್ಟಿಯಿದೆ, ಅದನ್ನು ಅಂಚಿನ ಮೇಲಿಟ್ಟೇ ನಾವು ತೂತು ಕೊರೆಯುವುದು. ಪಟ್ಟಿ ಮಾಡುವಾಗ ಅಪ್ಪನಿಗೆ ಸೀನು ಬಂತಂತೆ, ನಡುವಿನ ತೂತು ಅಕ್ಕಿಕಾಳಿನಷ್ಟು ಕೆಳಗೆ ಜಾರಿತು. ಹಾಗಾಗಿ ಐವತ್ತು ವರ್ಷದಿಂದ ನಮ್ಮಲ್ಲಿ ಕಟ್ಟಿದ ಪ್ರತಿ ಪುಸ್ತಕದಲ್ಲೂ ಮೂರನೇ ತೂತು ಅಷ್ಟೇ ಕೆಳಗಿರುತ್ತದೆ. ಬೇರೆ ಯಾರಿಗೂ ಆ ತಪ್ಪು ಮಾಡಲು ಬರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು, ಕರುಣೆಯ ಮಾತು ಇದರಲ್ಲಿಲ್ಲ. ಮಗಳ ಕಾಗದಗಳನ್ನು ತನಿಖೆಗೆಂದು ನೀವೇ ಇಟ್ಟುಕೊಂಡಿದ್ದೀರಿ. ಹೊರತೆಗೆಯಿರಿ. ನೂರ ನಲವತ್ತಮೂರು ಹಾಳೆಗಳನ್ನೂ ತಟ್ಟಿ ಸಮ ಮಾಡಿ, ಕಿಟಕಿಗೆ ಹಿಡಿಯಿರಿ. ಐದು ಕಡೆ ಬೆಳಕು ಕಾಣುತ್ತದೆ. ಸಾಲದಿದ್ದರೆ ಗೇಟಿನ ರಿಜಿಸ್ಟರನ್ನು ತರಿಸಿ, ಅದರ ಮೂರನೇ ತೂತನ್ನೂ ಈ ಹಾಳೆಗಳ ಮೂರನೇ ತೂತನ್ನೂ ಅಳತೆಪಟ್ಟಿಯಲ್ಲಿ ಅಳೆಯಿರಿ. ಇದೇ ಪತ್ರದ ಇನ್ನೊಂದು ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತಿದೆ. ಅದರೊಳಗೆ ಒಂದು ಸೂಜಿ, ಒಂದಷ್ಟು ನೂಲು ಇಟ್ಟಿದ್ದೇನೆ. ಹೆದರಬೇಡಿ, ಮೊನೆ ಮೊಂಡು ಮಾಡಿದ್ದೇನೆ. ಐದು ತೂತಿನಲ್ಲೂ ಸೂಜಿ ತೂರಿಸಿ. ಒಂದೇ ಒಂದು ಹಾಳೆ ತಡೆದರೂ ಆ ಹತ್ತು ವರ್ಷದ ಜೊತೆಗೆ ನನ್ನ ಮೇಲೂ ಮೊಕದ್ದಮೆ ಹೂಡಿ. ತಡೆಯದಿದ್ದರೆ ಆ ಮೂರು ಸಾಲನ್ನು ಹೊಡೆದುಹಾಕಿ, ಹೆಸರು ಬರೆದು ಸಹಿ ಮಾಡಿ, ತಿಂಗಳು ಮುಗಿಯುವುದರೊಳಗೆ ಅವಳಿಗೆ ವೀಸಾ ಕೊಡಿ.

ನೂಲು ಕತ್ತರಿಸಿ ಕೊಟ್ಟವಳು ಮಗಳು. ಯಾರಿಗೆಂದು ಕೇಳಿದಳು, ಹೇಳಿದೆ. ಆಮೇಲೆ ನೂಲನ್ನು ಇನ್ನೊಂದು ಮೊಳ ಎಳೆದಳು. "ಉದ್ದನೇ ಇರಲಿ ಅಪ್ಪ. ಪಾಪ, ಅವರಿಗೆ ಕೆಲಸ ಮಾಡಿ ಅಭ್ಯಾಸ ಇರಲ್ಲ" ಎಂದಳು.

ಇಂತಿ,
ಒಂದು ಕ್ಲಿಪ್ಪು ಸಾಕಿತ್ತೆಂದು ತಡವಾಗಿ ತಿಳಿದ,
ನಿಮ್ಮ ಗೇಟಿನ ರಿಜಿಸ್ಟರ್ ಹೊಲಿದ ರಟ್ಟು ಮೇಷ್ಟ್ರು