ಬೆಳ್ಳಗಾದ ಕಂಬ

ಯೊಕೊತೆ
ನವೆಂಬರ್ ೨೧, ಶನಿವಾರ ಸಂಜೆ

ಪ್ರೀತಿಯ ಚಿಗುಸಾ,

ಹೇಗಿದ್ದೀಯಮ್ಮ? ಮೊನ್ನೆ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿತ್ತು. ಹಲ್ಲಿನ ಆಸ್ಪತ್ರೆಯಲ್ಲಿ ದಿನವಿಡೀ ನಿಂತೇ ಕೆಲಸ, ಮನೆಗೆ ಬಂದರೆ ಇಬ್ಬರು ಮಕ್ಕಳು. ನೆಗಡಿ ಬಂದರೂ ಮಲಗಲು ನಿನಗೆ ಪುರುಸೊತ್ತೆಲ್ಲಿ. ಸೆಂದಾಯಿಯ ಚಳಿಗೆ ನಿಮ್ಮ ತಾಯಿಯವರ ಮಂಡಿನೋವು ಹೆಚ್ಚಾಗಿಲ್ಲ ತಾನೆ? ಪುಟ್ಟ ಸೊಸುಕೆಯ ಕೆಮ್ಮು ನಿಂತಿತೇ? ಇಲ್ಲಿ ನಾನು ಗಟ್ಟಿಯಾಗಿಯೇ ಇದ್ದೇನೆ, ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಈ ವರ್ಷದ ಮೂಲಂಗಿಯನ್ನು ಒಲೆಯ ಮೇಲೆ ಹೊಗೆಗೆ ಕಟ್ಟಿದ್ದೇನೆ, ಉಪ್ಪಿನಲ್ಲಿ ಹದವಾದ ಮೇಲೆ ಕಳಿಸುತ್ತೇನೆ. ಯಸುಹಿಕೊಗೆ ಅದೆಂದರೆ ಪ್ರಾಣ. ಮಗ ಹೋಗಿ ಮೂರು ವರ್ಷವಾದರೂ ಮೂಲಂಗಿ ಮಾತ್ರ ಅವನ ಲೆಕ್ಕಕ್ಕೂ ಸೇರಿಸಿಯೇ ಹಾಕುತ್ತೇನೆ, ಕೈಗೆ ಅಭ್ಯಾಸವಾಗಿ ಹೋಗಿದೆ.

ಮಕ್ಕಳ ಮರಗೆಲಸದ ಬಳಗ ನಡೆಯುತ್ತಿದೆ. ಈಗ ಹನ್ನೊಂದು ಮಕ್ಕಳು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬಂದು ಮಧ್ಯಾಹ್ನದವರೆಗೆ ನನ್ನ ಕಾರ್ಖಾನೆಯನ್ನು ಎತ್ತಿ ಕುಕ್ಕಿ ಹೋಗುತ್ತವೆ. ಒಬ್ಬಳು ಪೆಟ್ಟಿಗೆ ಮಾಡುತ್ತೇನೆಂದು ಶುರು ಮಾಡಿ ಮುಚ್ಚಳ ಕೂರದೆ ಅದನ್ನೇ ಹಕ್ಕಿಗೂಡು ಮಾಡಿದಳು. ನಾನೂ ಹಾಗೆ ಎಷ್ಟು ಮನೆ ಕಟ್ಟಿದ್ದೇನೋ, ಬಿಡು. ಪಕ್ಕದ ಮನೆಯ ಸೆತ್ಸುಯೊ ಅಜ್ಜಿ ಎಲ್ಲರಿಗೂ ಅನ್ನದ ಉಂಡೆ, ಬಿಸಿ ಸಾರು ತಂದುಕೊಡುತ್ತಾಳೆ. ಅದರ ಜೊತೆಗೆ ನನಗೆ ನಾಲ್ಕು ಮಾತು ಬೇರೆ. ಹೋದ ವಾರ ಮಕ್ಕಳೆದುರಿಗೇ ಅಂದಳು: “ಹನ್ನೊಂದು ಮಕ್ಕಳನ್ನ ಸುತ್ತ ಕೂರಿಸ್ಕೊಂಡು ಮುಖ ಗಂಟು ಹಾಕ್ಕೊಂಡಿರೋ ಮುದುಕ ಈ ಊರಲ್ಲಿ ನೀವೊಬ್ರೇ ಕಣ್ರೀ.” ಹನ್ನೆರಡು ಗಂಟೆಗೆ ಅವೆಲ್ಲ ಅಪ್ಪ ಅಮ್ಮನ ಕಾರು ಹತ್ತಿ ಹೋದ ಮೇಲೆ ಮರದ ಹೊಟ್ಟು ಗುಡಿಸುತ್ತೇನೆ ನೋಡು, ಆ ಹೊತ್ತು ನನಗೆ ಆಗುವುದಿಲ್ಲಮ್ಮ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತೇನೆ.

ಸರಿ, ಸುತ್ತು ಬಳಸುವುದು ಸಾಕು. ದೊಡ್ಡವಳು ಫುಮಿನೊ ಮೂರು ತಿಂಗಳಿಂದ ಫೋನಿಗೆ ಯಾಕೆ ಬರುವುದಿಲ್ಲ ಎಂದು ನೀನು ಎರಡು ಸಲ ಕೇಳಿದೆ. ಎರಡು ಸಲವೂ ನಾನು ಹೋಂವರ್ಕ್ ಇರಬೇಕು ಎಂದು ಹಾರಿಕೆ ಮಾತಾಡಿದೆ. ಮೊನ್ನೆ ನೀನು, ಶಾಲೆಯಲ್ಲಿ ಎತ್ತರ ಅಳೆಯುವ ದಿನ ಹೊಟ್ಟೆನೋವೆಂದು ಅವಳು ಮಲಗಿಬಿಟ್ಟಳು, ಮರುವಾರ ಮತ್ತೆ ಕರೆದರೂ ಅಳೆಯಲು ನಿಲ್ಲಲಿಲ್ಲವಂತೆ ಎಂದು ಹೇಳಿದೆಯಲ್ಲ, ಆವತ್ತಿಂದ ನನಗೆ ಅನ್ನ ಸೇರುತ್ತಿಲ್ಲ. ಅವಳು ನಿನಗೆ ಏನೂ ಹೇಳಿಲ್ಲ. ಹೇಳಬೇಕಾದವನು ನಾನು.

ಹೋದ ಚಳಿಗಾಲದ ಹಿಮಕ್ಕೆ ಮುಂದಿನ ಕೋಣೆ ಕುಸಿದು ಅದನ್ನು ಕೆಡವಿಸಿದೆನಲ್ಲ, ಅಲ್ಲಿದ್ದ ದೇವದಾರು ಕಂಬ ನಿನಗೆ ಗೊತ್ತು. ಪ್ರತಿ ವರ್ಷ ಮೇ ತಿಂಗಳ ಮಕ್ಕಳ ಹಬ್ಬದ ದಿನ ಯಸುಹಿಕೊನನ್ನು ಅದಕ್ಕೆ ಬೆನ್ನು ತಾಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಮರದ ಮೇಲೆ ಉಳಿಯ ಮೊಂಡು ಬೆನ್ನಿಟ್ಟು ಕೊಡತಿಯಿಂದ ಒಂದೇಟು ಹಾಕಿ ಎತ್ತರದ ಗೆರೆ ಮೂಡಿಸುತ್ತಿದ್ದೆ. ಪೆನ್ಸಿಲ್ ಗೆರೆ ಒರೆಸಿದರೆ ಹೋಗುತ್ತದೆ ಎಂಬ ಬಡಗಿಯ ಜಂಬ ನನಗೆ. ಎರಡರಿಂದ ಹದಿನಾಲ್ಕರವರೆಗೆ ಅವನ ಗುರುತು ಹದಿಮೂರು. ಆಮೇಲೆ ಅವನೇ ಕೊಡತಿ ಹಿಡಿದು ಫುಮಿನೊಗೆ ಹಾಕಿದ್ದು ನಾಲ್ಕು, ಸೊಸುಕೆ ಆಗಿನ್ನೂ ಕೈಗೂಸು. ಕೋಣೆ ಕೆಡವಿದಾಗ ಕಂಬವನ್ನು ಮಾತ್ರ ಕಾರ್ಖಾನೆಗೆ ತಂದು ಮರ ಇಟ್ಟು ಕೊಯ್ಯುವ ಎರಡು ಕಟ್ಟಿಗೆಯ ಕುದುರೆಗಳ ಮೇಲೆ ಮಲಗಿಸಿದ್ದೆ. ಇದರಿಂದ ಏನೋ ಮಾಡಬೇಕು, ಏನೋ ಮಾಡಬೇಕು ಎಂದು ಬಂದವರಿಗೆಲ್ಲ ಹೇಳುವುದು, ಉಳಿ ಮುಟ್ಟದೆ ಇರುವುದು.

ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆ ಮಕ್ಕಳನ್ನು ಹತ್ತು ದಿನ ಬಿಟ್ಟುಹೋಗಿದ್ದೆಯಲ್ಲ, ಆಗ ಆದದ್ದು. ಅವಳು ಬಳಗದಲ್ಲಿ ಎರಡು ಭಾನುವಾರ ಕೂತಳು. ಎಂಥ ಕೈ ಅಂತೀಯ, ಉಜ್ಜುಗೊರಡನ್ನು ತನ್ನ ಕಡೆಗೆ ಎಳೆದರೆ ಹೆರೆ ಒಂದೇ ಉದ್ದಕ್ಕೆ ಸುರುಳಿಯಾಗಿ ಬರುತ್ತಿತ್ತು. ಬಳಗದ ಮೊದಲ ಪಾಠ ನಿನಗೂ ಬಾಯಿಪಾಠ: ಹಳೇ ಮರ ಮೊದಲು ಬೆಳ್ಳಗಾಗಬೇಕು, ಕೊಳೆ, ಹಳೇ ಗುರುತು ಇಟ್ಟುಕೊಂಡು ಕೆಲಸ ಶುರು ಮಾಡಬಾರದು. ಅದನ್ನು ಹೇಳಿಕೊಟ್ಟವನೂ ನಾನೇ. ಒಂದು ದಿನ ಸೊಸುಕೆಯನ್ನು ಕರೆದುಕೊಂಡು ಸಮಾಧಿ ತೊಳೆಯಲು ಹೋಗಿದ್ದೆ. ಅವಳು ಸೆತ್ಸುಯೊ ಅಜ್ಜಿಯ ಕಣ್ಣಳತೆಯಲ್ಲಿ ಇಲ್ಲೇ ಉಳಿದಳು. ವಾಪಸು ಬಂದರೆ ಮೊಣಕಾಲೆತ್ತರ ಹೆರೆಯ ನಡುವೆ ನಿಂತಿದ್ದಾಳೆ, ಮೂಗಿನ ತುದಿಯಲ್ಲಿ ಬೆವರು. “ತಾತಾ, ನೋಡು, ಬೆಳ್ಳಗಾಯ್ತು. ಇನ್ನು ನೀನು ಶುರು ಮಾಡ್ಬಹುದು” ಎಂದಳು. ಗುರುತಿದ್ದ ಮಗ್ಗುಲೇ ಮೇಲಿತ್ತು. ಒಂದೂ ಉಳಿದಿರಲಿಲ್ಲ.

ನೆಟ್ಟಗೆ ನಿಂತ ಕಂಬ ಅವಳಿಗೆ ನೆನಪಿದ್ದೀತು. ಮಸಿ ಹಿಡಿದು ಅಡ್ಡ ಬಿದ್ದ ದಿಮ್ಮಿ ಅದೇ ಎಂದು ಎಂಟು ವರ್ಷದ ಕೂಸಿಗೆ ಹೇಗೆ ಗೊತ್ತಾಗಬೇಕು? ಇದನ್ನು ಈಗ ಬರೆಯುತ್ತಿದ್ದೇನೆ. ಆಗ ನನ್ನ ಬಾಯಿಂದ ಬಂದದ್ದು ಬೇರೆ. “ನಿಮ್ಮಪ್ಪನ್ನ ಅಳಿಸಿಬಿಟ್ಟೆಯಲ್ಲೇ!” ಎಂದು ಬೀದಿಗೆ ಕೇಳುವಂತೆ ಅರಚಿದೆ.

ಅವಳು ಅಳಲಿಲ್ಲ ಚಿಗುಸಾ. ಅತ್ತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾನು ಕಲಿಸಿದ ಹಾಗೆಯೇ ಉಜ್ಜುಗೊರಡನ್ನು ಅಲಗು ತಾಗದಂತೆ ಮಗ್ಗುಲಿಗೆ ಮಲಗಿಸಿ, ಹೆರೆಯನ್ನೆಲ್ಲ ಗುಡಿಸಿ, ಒಳಗೆ ಹೋದಳು. ಎರಡು ದಿನ ಬಿಟ್ಟು ನೀನು ಬಂದೆ. ಹೋಗುವಾಗ ಅವಳು ಹೊರಗಿನವರಿಗೆ ಬಾಗುವ ಹಾಗೆ ನನಗೆ ಬಾಗಿ ನಮಸ್ಕಾರ ಮಾಡಿದಳು. ನೀನು ಆಗ ಸಾಮಾನು ಕಾರಿಗೆ ತುಂಬುತ್ತಿದ್ದೆ, ನೋಡಿರಲಾರೆ. ಕ್ಷಮಿಸು ಎನ್ನಲು ಎರಡು ದಿನವಿತ್ತು, ಎರಡು ದಿನವೂ ಈ ಮುದುಕ ಮುಖ ಊದಿಸಿಕೊಂಡು ಕೂತಿದ್ದ. ಸೆತ್ಸುಯೊ ಅಜ್ಜಿ ಆವತ್ತೇ ಹೇಳಿದಳು, ನಿಮ್ಮ ಬಾಯಿಗಿಂತ ಆ ಕೂಸಿನ ಕೈಯೇ ಮೆತ್ತಗೆ ಎಂದು.

ಈಗ ನಿನ್ನಲ್ಲಿ ಕೇಳುವುದು ಇಷ್ಟೇ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳು: ತಪ್ಪು ತಾತನದು, ಅಪ್ಪನನ್ನು ಯಾರೂ ಅಳಿಸಲಾರರು ಎಂದು ಹೇಳು. ನಿನ್ನ ಮಾತು ಅವಳು ನಂಬುತ್ತಾಳೆ. ಅಳೆಯಲು ನಿಲ್ಲಲಿ, ಬೆಳೆಯಲಿ. ಇಲ್ಲಿಗೆ ಕಳಿಸು ಎಂದು ಕೇಳುವ ಮುಖ ನನಗಿಲ್ಲ. ಹೊಸ ವರ್ಷಕ್ಕೂ ಬರಲಾಗದಿದ್ದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಸುಳ್ಳು, ಮಾಡಿಕೊಳ್ಳುತ್ತೇನೆ, ಆದರೆ ನಿನ್ನ ಮೇಲಲ್ಲ.

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ನೀನು ಕುತ್ತಿಗೆಗೆ ಉಣ್ಣೆ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ. ಮಕ್ಕಳಿಬ್ಬರ ತಲೆ ನೇವರಿಸಿ, ಈ ಕೈಯ ಹರಕೆ ಅವರಿಗೆ ಮುಟ್ಟಿಸು.

ನಿನ್ನ ಮಾವ
ಕಿಯೊತಾಕೆ

ಮರೆತ ಮಾತು: ಭಾನುವಾರ ಮಧ್ಯಾಹ್ನ. ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಇವತ್ತು ಬಳಗದಲ್ಲಿ ಹಿನಾಕೊ ಎಂಬ ಹುಡುಗಿ ಮೊಳೆ ಬಿಟ್ಟು ಹಲಗೆಗೇ ಸುತ್ತಿಗೆ ಹಾಕಿ, ಬಿದ್ದ ಗುಳಿ ನೋಡಿ ಅಳುಮೋರೆ ಮಾಡಿದಳು. ನಾನು ಎಂದಿನ ಹಾಗೆ ಒದ್ದೆ ಬಟ್ಟೆ ಒತ್ತಿದೆ. ಗುಳಿ ಎದ್ದು ಸಮವಾಯಿತು. “ಏಟಿಗೆ ಅದುಮಿಕೊಂಡ ಮರ ನೀರು ಕುಡಿದ್ರೆ ಎದ್ದು ಬರುತ್ತೆ ಮಕ್ಕಳಾ” ಎಂದವನು ಬಟ್ಟೆಯನ್ನು ಅಲ್ಲೇ ಬಿಟ್ಟು ಕಂಬದ ಕಡೆ ತಿರುಗಿದೆ. ಉಳಿಯ ಬೆನ್ನಿನ ಏಟೂ ಅದುಮಿದ ಏಟೇ ಅಲ್ಲವೇನಮ್ಮ? ಕೊಯ್ದದ್ದಲ್ಲವಲ್ಲ. ಮೇಲೆ ಹೆರೆದರೂ ಒಳಗಿನ ಎಳೆ ಅದುಮಿಕೊಂಡೇ ಇರುತ್ತದೆ, ನೀರು ಬಿದ್ದರೆ ಅಷ್ಟು ಜಾಗ ಮಾತ್ರ ಗೆರೆಯಾಗಿ ಉಬ್ಬಬೇಕು. ಐವತ್ತು ವರ್ಷ ಬಡಗಿಯಾಗಿದ್ದವನಿಗೆ ಇದು ಮೂರು ತಿಂಗಳು ಹೊಳೆಯಲಿಲ್ಲ. ಸಿಟ್ಟಿನಲ್ಲಿ ಕಂಬಕ್ಕೆ ಟಾರ್ಪಾಲು ಹೊದಿಸಿ ಆ ಕಡೆ ತಲೆ ಹಾಕಿರಲಿಲ್ಲ. ಈಗ ಟಾರ್ಪಾಲು ತೆಗೆದಿದ್ದೇನೆ, ನೀರು ಮುಟ್ಟಿಸಿಲ್ಲ. ಮುಟ್ಟಿಸುವುದೂ ಇಲ್ಲ. ಫುಮಿನೊಳನ್ನು ಕಳಿಸು, ಇಲ್ಲ ನೀನೇ ಕರೆದುಕೊಂಡು ಬಾ, ಆ ಒದ್ದೆ ಬಟ್ಟೆ ಒತ್ತುವುದು ಅವಳ ಕೈಯಿಂದಲೇ ಆಗಬೇಕು. ಹದಿನೇಳು ಗೆರೆಯೂ ಎದ್ದಾವು, ಒಂದೇ ಎದ್ದೀತು, ಏನೂ ಏಳದೆಯೂ ಇದ್ದೀತು. ಅವಳು ಹೆದರಿದರೆ ಹೇಳು, ತಾತನಿಗೂ ಹೆದರಿಕೆ, ಅದಕ್ಕೇ ಒಬ್ಬನೇ ನೋಡಲಾರ ಎಂದು. ಏನೂ ಏಳದಿದ್ದರೆ ಆ ಕಂಬದ ಮುಂದೆಯೇ ಅವಳಿಗೆ ತಲೆ ಬಾಗಿಸಿ ಕ್ಷಮೆ ಕೇಳುತ್ತೇನೆ, ಎದ್ದರೂ ಕೇಳುತ್ತೇನೆ.