ಕೊನೆಯ ಹೊಲಿಗೆ

ಮಾರ್ಚ್ ೧೪

ಗುಬ್ಬೀ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ತಡವಾಯಿತೆಂದು ಬೈಯಬೇಡ; ತೊಂಬತ್ತಾರು ವರ್ಷದ ಬೆರಳು ಪೆನ್ನು ಹಿಡಿಯುವುದಕ್ಕಿಂತ ಬೀಳಿಸುವುದೇ ಹೆಚ್ಚು. ಹಲ್ಲು ಎರಡು ಉಳಿದಿವೆ, ಸಿಟ್ಟು ಪೂರ್ತಿ ಉಳಿದಿದೆ.

"ಅಪ್ಪಾ, ನಿನಗೇನು ತಲೆ ಕೆಟ್ಟಿದೆಯಾ? ಸನ್ಮಾನಕ್ಕೆ ಕರೆದವರ ತಲೆ ಒಡೀತಾರಾ?" ಎಂದು ಬರೆದಿದ್ದೀಯ. ಒಡೆದೆ. ನೌಕಾಪಡೆಯ ಆ ಅಧಿಕಾರಿ ನಮ್ಮ ಹಡಗಿನ ಚರಿತ್ರೆ ಓದುತ್ತಿದ್ದ. "ಬಾಯ್ಲರ್ ಕೆಲಸಗಾರನೊಬ್ಬ ಕಾಲು ಜಾರಿ ಬಿದ್ದು ಮೃತಪಟ್ಟ" ಎಂದ. ಅವರೇ ಕೈಗಿತ್ತ ಸನ್ಮಾನದ ಹಿತ್ತಾಳೆ ಫಲಕ ಬೀಸಿದೆ. ಹುಬ್ಬಿಗೆ ನಾಲ್ಕು ಹೊಲಿಗೆಯಂತೆ. ಪಾಪ, ಆ ಸುಳ್ಳು ಬರೆದವನು ಸತ್ತು ನಲವತ್ತು ವರ್ಷವಾಯಿತು. ಏಟು ಇವನಿಗೆ ಬಿತ್ತು.

ಸತ್ತ ಕೆಲಸಗಾರ ಮಸಿ. ಹಡಗಿನಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದೆವು. ಬಾಯ್ಲರಿನ ಕೊಳವೆ ಬಿರುಕು ಬಿಟ್ಟಿತ್ತು. ಹಿಂದಿನ ದಿನ ಇಬ್ಬರ ಚರ್ಮ ಬೆಂದು ಅಂಗಿಯ ಜೊತೆಗೇ ಸುಲಿದು ಬಂದಿತ್ತು. ಮಸಿ ಸಲಿಕೆ ಕೆಳಗಿಟ್ಟ. "ಮೊದಲು ಕೊಳವೆ ಸರಿಮಾಡ್ಸಿ, ಆಮೇಲೆ ಇಳೀತೀವಿ. ನಾವೇನು ಸೌದೆನಾ ಸಾರ್?" ಎಂದ. ಎಂಜಿನ್ ಅಧಿಕಾರಿ ಕಬ್ಬಿಣದ ಸರಳು ಎತ್ತಿಕೊಂಡ. ಮೊದಲ ಏಟು ಭುಜಕ್ಕೆ, ಎರಡನೆಯದು ದವಡೆಗೆ, ಮೂರನೆಯದು ಕಿವಿಯ ಮೇಲೆ. ಬುರುಡೆ ಬಿರಿದ ಸದ್ದು ನನಗೆ ಕೇಳಿಸಿತು. ಮೂವತ್ತು ಜನ ನಿಂತಿದ್ದೆವು. ಒಬ್ಬನೂ ಕೈ ಎತ್ತಲಿಲ್ಲ. ನಾನೂ. ಸರಳು ಹಿಡಿದ ಕೈಯೇ ಹಡಗಿನ ದಿನಚರಿಯನ್ನೂ ಬರೆಯಿತು: 'ಕಾಲು ಜಾರಿ.'

ನಾನು ಹಡಗಿನ ದರ್ಜಿ. ಬಾವುಟ, ಗುಡಾರ, ಹೆಣ, ಎಲ್ಲಕ್ಕೂ ಒಂದೇ ಸೂಜಿ. ಹೆಣವನ್ನು ಕ್ಯಾನ್ವಾಸಿನಲ್ಲಿ ಹೊಲಿದು, ಕಾಲಿಗೆ ಕಬ್ಬಿಣ ಕಟ್ಟಿ ಸಮುದ್ರಕ್ಕೆ ಬಿಡುತ್ತಿದ್ದೆವು. ಕೊನೆಯ ಹೊಲಿಗೆ ಮೂಗಿನ ಮೂಲಕ ಹಾಯಬೇಕು. ಉಸಿರಿದ್ದರೆ ಚೀರುತ್ತಾನೆ ಎಂದು ಹಳಬರ ನಂಬಿಕೆ. ಬದುಕಿದ್ದಾಗ ಮಸಿ ಇದಕ್ಕೆ ನಗುತ್ತಿದ್ದ: "ನನಗೊಂದು ಜೇಬಿಟ್ಟು ಹೊಲಿ ಕಣೋ ದರ್ಜಿ, ಸಿಗರೇಟಿಗೆ. ಮೂಗಿಗೆ ಮಾತ್ರ ಚುಚ್ಬೇಡ, ಸೀನು ಬರುತ್ತೆ!"

"ಡಾಕ್ಟರ ಸಹಿ ಆಗಿದೆ, ಬೇಗ ಹೊಲಿ" ಎಂದ ಎಂಜಿನ್ ಅಧಿಕಾರಿ. ಡಾಕ್ಟರು ಬಂದು ಮಸಿಯನ್ನು ನೋಡಿಯೇ ಇರಲಿಲ್ಲ. ಹೊಲಿದೆ. ಬಂದರು ಮುಟ್ಟುವ ಮೊದಲೇ ಸಾಕ್ಷಿ ತಳ ಸೇರಿತು.

ನೀನು ಕಳಿಸಿದ ಕ್ಷಮಾಪಣೆ ಪತ್ರವನ್ನು ಸಹಿ ಹಾಕದೆ ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿರುವಂತೆ 'ವಯಸ್ಸಿನಿಂದ ನೆನಪು ಕೆಟ್ಟಿದೆ' ಎಂದು ನಾನು ಒಪ್ಪಿಕೊಂಡರೆ ಮಸಿ ಕಾಲು ಜಾರಿಯೇ ಸತ್ತಂತಾಯಿತು. ಆ ಮೂವತ್ತು ಜನರಲ್ಲಿ ಉಳಿದಿರುವವನು ನಾನೊಬ್ಬ. ಕೇಸು ಹಾಕಲಿ. ಕಟಕಟೆಯಲ್ಲಿ ನಿಂತು ಹೇಳುತ್ತೇನೆ.

ನಿನ್ನ ಕಾಲು ಗಟ್ಟಿಯಾಗಲಿ, ನಾಲಿಗೆ ಇನ್ನೂ ಗಟ್ಟಿಯಾಗಲಿ.

ನಿನ್ನ
ಅಪ್ಪ

ಮರೆತದ್ದು: ಅಂಗಿಗೆ ಗುಂಡಿ ಹಚ್ಚುವಾಗ ಕೊನೆಯ ಹೊಲಿಗೆಯನ್ನು ಯಾಕೆ ನಿನಗೇ ಬಿಡುತ್ತೇನೆ ಎಂದು ಚಿಕ್ಕವಳಿದ್ದಾಗ ಕೇಳುತ್ತಿದ್ದೆಯಲ್ಲ. ಮಸಿಯ ಮೂಗಿನವರೆಗೂ ಸೂಜಿ ತಂದೆ. ಅವನ ಮಾತು ನೆನಪಾಯಿತು. ಚುಚ್ಚಲಾರದೆ ಪಕ್ಕದಲ್ಲೇ ಗಂಟು ಹಾಕಿಬಿಟ್ಟೆ. ಸಮುದ್ರಕ್ಕೆ ಜಾರಿಸಲು ಹಲಗೆ ಓರೆ ಮಾಡಿದಾಗ ಕ್ಯಾನ್ವಾಸಿನೊಳಗೆ ಒಂದು ಮೊಣಕಾಲು ಮಡಚಿಕೊಂಡಿತು. ಹಡಗು ಕುಲುಕಿತು ಅಂದುಕೊಂಡೆ. ಅಂದು ಸಮುದ್ರದಲ್ಲಿ ಒಂದು ಅಲೆಯೂ ಇರಲಿಲ್ಲ. ಇದನ್ನೂ ಕಟಕಟೆಯಲ್ಲಿ ಹೇಳುತ್ತೇನೆ. ನೀನು ಬಂದು ಎದುರಿಗೆ ಕೂತಿರು.